ಎಡಗಣ್ಣಿನ ಕೋವಿ

ಇಷ್ಟು ಸ್ಪಷ್ಟವಾಗಿ ಕಾಣುವುದು ಸಭ್ಯತೆಯಲ್ಲವೇನೋ ಎಂದು ಆರ್ಲಿನ್ ಬ್ರೆಕ್ಕೆಗೆ ಅನ್ನಿಸತೊಡಗಿ ಐದು ತಿಂಗಳಾಗಿತ್ತು. ಏಪ್ರಿಲ್‌ನಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಮೊದಲು ಕಂಡದ್ದು ಹೆಂಡತಿ ಮಾರ್ವಾಳ ಮೇಲ್ದುಟಿಯ ಮೇಲಿನ ಸಣ್ಣ ಸಣ್ಣ ಗೆರೆಗಳು; ಅವನು ನೋಡಿದ್ದನ್ನು ಅವಳು ನೋಡಿ, ಕಾಫಿ ಲೋಟವನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು. ಆಮೇಲೆ ಅವನು ಕಿಟಕಿಯಾಚೆ ನೋಡುವ ಅಭ್ಯಾಸ ಮಾಡಿಕೊಂಡ. ಬೇಲಿಯ ಕಂಬ, ಅದರಾಚೆಯ ಬೇಲಿಯ ಕಂಬ, ಅದರಾಚೆ ಕೌಂಟಿ ರಸ್ತೆ, ರಸ್ತೆಯಾಚೆ ವಯೋಮಿಂಗಿನ ಸೇಜ್ ಪೊದೆಗಳ ಬಯಲು, ಬಯಲಿನ ಕೊನೆಗೆ ನೀಲಿಯ ಒಂದು ಗುಡ್ಡ. ಮೂವತ್ತೊಂದು ವರ್ಷ ಆ ರಸ್ತೆಗಳನ್ನು ಗ್ರೇಡರ್ ಯಂತ್ರದಿಂದ ಹೆರೆದು ಸಮ ಮಾಡಿದವನು ಅವನು. ಆ ವರ್ಷಗಳಲ್ಲಿ ಅವನ ದೃಷ್ಟಿ ಯಾವಾಗಲೂ ಹನ್ನೆರಡು ಅಡಿ ಮುಂದಿನ ಉಕ್ಕಿನ ಅಲಗಿನ ಮೇಲೆ. ಈಗ ಅರವತ್ತಮೂರನೇ ವಯಸ್ಸಿನಲ್ಲಿ ದೂರ ಎಂಬುದೊಂದು ಇದೆ ಎಂದು ಗೊತ್ತಾಗಿ, ಅದು ಎಷ್ಟು ದೂರ, ಅಲ್ಲಿಗೆ ಏನನ್ನಾದರೂ ಮುಟ್ಟಿಸಲು ಸಾಧ್ಯವೇ ಎಂಬ ಕುತೂಹಲ ಹುಟ್ಟಿತು. ಅದನ್ನು ಮಾರ್ವಾಳಿಗೆ ಹೇಳಿದಾಗ ಅವಳು, "ಒಂದು ಕೋವಿ ತಗೊಳ್ಳಿ, ಈ ಊರಲ್ಲಿ ಕೋವಿ ಇಲ್ದೆ ಇರೋ ಗಂಡಸು ನೀವೊಬ್ರೇ," ಅಂದಿದ್ದಳು. ತಮಾಷೆಗೆ ಅಂದಿದ್ದಳೋ ಬೇಸತ್ತು ಅಂದಿದ್ದಳೋ, ಗೊತ್ತಾಗಲಿಲ್ಲ.

ಹಾಗಾಗಿ ಸೆಪ್ಟೆಂಬರ್‌ನ ಆ ಗುರುವಾರ ಬೆಳಿಗ್ಗೆ ಅವನು ರೊವೀನಾಳ ಕೋವಿ ಅಂಗಡಿಯ ಗಾಜಿನ ಕಟ್ಟೆಯ ಮುಂದೆ ನಿಂತಿದ್ದ. ಕೈಯಲ್ಲಿ ಒಂದು ನೋಟ್‌ಬುಕ್. ಅದರಲ್ಲಿ ನಾಲ್ಕು ವಾರ ಕೂತು ಬರೆದುಕೊಂಡ ಅಂಕಿಗಳು: ಯಾವ ತೋಟಾ ಐನೂರು ಗಜಕ್ಕೆ ಎಷ್ಟು ಅಂಗುಲ ಕೆಳಗಿಳಿಯುತ್ತದೆ, ಹತ್ತು ಮೈಲಿ ವೇಗದ ಅಡ್ಡಗಾಳಿಗೆ ಎಷ್ಟು ಸರಿಯುತ್ತದೆ. ಪಕ್ಕದಲ್ಲಿ ತಮ್ಮ ಡೆಲ್. ಅವನನ್ನು ಆರ್ಲಿನ್ ಕರೆದಿರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಸಿಕ್ಕವನು ವಿಷಯ ತಿಳಿದದ್ದೇ ತನ್ನ ಪಿಕಪ್ಪನ್ನು ಅಲ್ಲೇ ಬಿಟ್ಟು ಅಣ್ಣನ ಗಾಡಿ ಹತ್ತಿದ್ದ.

"ರೊವೀನಾ, ಇವತ್ತಿನ ತಾರೀಖು ಬರೆದಿಟ್ಕೋ," ಡೆಲ್ ಬಾಗಿಲಿನಿಂದಲೇ ಕೂಗಿದ. "ನಮ್ಮಣ್ಣ ಕೋವಿ ಅಂಗಡಿಗೆ ಬಂದಿದಾನೆ. ನಲವತ್ತೊಂಬತ್ತು ವರ್ಷ ಆದ್ಮೇಲೆ."

ರೊವೀನಾ ಪಾಚೆಟ್‌ಗೆ ನಲವತ್ತೈದರ ಸುಮಾರು. ಒಂದು ಕಾಲದಲ್ಲಿ ರಾಜ್ಯದ ದೂರಗುರಿ ಪಂದ್ಯಗಳಲ್ಲಿ ಗೆದ್ದವಳು. ಸೂರ್ಯಕಾಂತಿ ಬೀಜ ಅಗಿಯುತ್ತ ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗುಳಿ, ಡೆಲ್‌ನ ಕಡೆ ನೋಡದೆ ಆರ್ಲಿನ್‌ನನ್ನು ಕೇಳಿದಳು: "ಏನನ್ನ ಹೊಡೀಬೇಕು ಬ್ರೆಕ್ಕೆಯವ್ರೆ?"

"ಕಬ್ಬಿಣದ ತಟ್ಟೆ. ಬರೀ ತಟ್ಟೆ," ಆರ್ಲಿನ್ ಅಂದ. ಎರಡನೇ ಸಲ ಹೇಳಬೇಕಾಗಿರಲಿಲ್ಲ ಅನ್ನಿಸಿತು.

"ಎಷ್ಟು ದೂರಕ್ಕೆ?"

"ಅದೇ ಗೊತ್ತಿಲ್ಲ. ಎಷ್ಟಾಗುತ್ತೋ ಅಷ್ಟು."

ಅವಳು ನಕ್ಕಳು. ಅಣಕದ ನಗುವಲ್ಲ; ಆದರೂ ಆರ್ಲಿನ್‌ನ ಕಿವಿ ಬಿಸಿಯಾಯಿತು. ಅವನು ನೋಟ್‌ಬುಕ್ ತೆರೆದು ಗಾಜಿನ ಮೇಲಿಟ್ಟ. ಮುನ್ನೂರೆಂಟು ಅನ್ನುವ ಹಳೆಯ ತೋಟಾದ ಬಗ್ಗೆ ಒಂದು ಪುಟ, ಆರೂವರೆ ಕ್ರೀಡ್‌ಮೋರ್ ಅನ್ನುವ ಹೊಸದರ ಬಗ್ಗೆ ಮೂರು ಪುಟ. ಡೆಲ್ ಬಗ್ಗಿ ನೋಡಿ, "ಲೋ, ಇದೇನೋ ಪರೀಕ್ಷೆಗೆ ಕೂತ ಹಾಗೆ! ಮುನ್ನೂರರ ಮ್ಯಾಗ್ನಂ ತಗೋ. ಆಚೆ ಗುಡ್ಡದಲ್ಲಿ ನಿಂತಿರೋ ಎಲ್ಕ್ ಜಿಂಕೆ ಕೂಡ ಅಲ್ಲೇ ಕೂತ್ಬಿಡಬೇಕು. ಗಂಡಸರ ಕೋವಿ ಅದು," ಅಂದ.

"ಹೌದು, ಮತ್ತೆ ಹತ್ತು ಗುಂಡಿಗೆ ಭುಜ ಊದಿ ಹತ್ತು ವರ್ಷಕ್ಕಾಗೋಷ್ಟು ಹೆದರಿಕೆ ಕಲೀತಾರೆ ಗಂಡಸರು," ಅಂದಳು ರೊವೀನಾ. "ಒಬ್ರು ಕಲಿಯೋಕೆ ಬಂದಾಗ ಮೊದಲು ನೋಡ್ಬೇಕಾದ್ದು ಗುಂಡು ಎಷ್ಟು ದೂರ ಹೋಗುತ್ತೆ ಅಂತಲ್ಲ ಡೆಲ್, ಕೋವಿ ಎಷ್ಟು ಮೆತ್ತಗೆ ಒದೆಯುತ್ತೆ ಅಂತ." ಆರ್ಲಿನ್‌ನ ನೋಟ್‌ಬುಕ್ಕನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು. ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಲೆಕ್ಕ ಸರಿಯಿದೆ. ಮುನ್ನೂರೆಂಟು ಒಳ್ಳೇ ಮುದುಕ, ಎಲ್ಲಿ ಹೋದ್ರೂ ತೋಟಾ ಸಿಗುತ್ತೆ, ನಳಿಗೆ ಬೇಗ ಸವೆಯಲ್ಲ. ಆದ್ರೆ ಗಾಳಿಗೆ ಜಾಸ್ತಿ ಜಗ್ತಾನೆ, ಒದೀತಾನೆ. ಆರೂವರೆಯದು ತೆಳ್ಳಗೆ ಉದ್ದನೆ ಗುಂಡು, ಗಾಳೀನ ಸೀಳ್ಕೊಂಡು ಹೋಗುತ್ತೆ. ಇನ್ನೂರಿಪ್ಪತ್ತಮೂರು ಅಂತ ಒಂದು ಚಿಕ್ಕದಿದೆ, ನೀವು ಬರ್ಕೊಂಡೇ ಇಲ್ಲ. ಆರುನೂರು ಗಜದೊಳಗೆ ಅದಕ್ಕಿಂತ ಒಳ್ಳೇ ಮೇಷ್ಟ್ರಿಲ್ಲ. ಇದೆಲ್ಲ ಆಮೇಲೆ. ಮೊದಲು ಇದನ್ನ ಭುಜಕ್ಕಿಟ್ಟು ಆ ಗಡಿಯಾರದ ಮಧ್ಯ ನೋಡಿ." ಖಾಲಿ ಎಂದು ತೆರೆದು ತೋರಿಸಿ ಒಂದು ಮುನ್ನೂರೆಂಟರ ಕೋವಿಯನ್ನು ಅವನ ಕೈಗಿತ್ತಳು.

ಕೋವಿಯ ತೂಕ ಅವನು ನೆನಸಿಕೊಂಡದ್ದಕ್ಕಿಂತ ಹೆಚ್ಚಿತ್ತು. ನೆನಸಿಕೊಂಡದ್ದು ಅಪ್ಪನ ಹಳೆಯ ಮೂವತ್ತು-ಮೂವತ್ತರ ಕೋವಿ, ಸ್ಕೋಪಿಲ್ಲದ್ದು. ಅದರ ಹಿಡಿಯ ಮರ ಅಪ್ಪನ ಕೆನ್ನೆಯ ಬೆವರಿಗೆ ಒಂದು ಕಡೆ ಕಪ್ಪಾಗಿತ್ತು. ಆರ್ಲಿನ್ ಹದಿನಾಲ್ಕರವನಾಗಿದ್ದಾಗ ಆ ಕಪ್ಪಿನ ಮೇಲೆ ತನ್ನ ಕೆನ್ನೆ ಇಟ್ಟಿದ್ದ. ಎದುರಿಗೆ, ಇನ್ನೂರು ಗಜದಲ್ಲಿ, ಎಡಕ್ಕೆ ನಡೆಯುತ್ತಿದ್ದ ಗಂಡು ಚಿಗರೆ. ಅದರ ಕತ್ತಿನ ಬಿಳಿ ಪಟ್ಟೆ. ಗುಂಡು ಹಾರಿತು, ಚಿಗರೆ ಮುಗ್ಗರಿಸಿತು, ಅದರ ಮುಂಗಾಲೊಂದು ಮೈಗೆ ಸಂಬಂಧವೇ ಇಲ್ಲದಂತೆ ತೂಗಾಡಿತು, ಆಮೇಲೆ ಅದು ಮೂರು ಕಾಲಿನಲ್ಲಿ ದಿಣ್ಣೆ ಹತ್ತಿ ಆಚೆ ಇಳಿಯಿತು. ಅಪ್ಪ ಹಿಂದೆ, ಇಳಿಜಾರಿನ ಕೆಳಗೆ, ಪಿಕಪ್ಪಿನ ಹತ್ತಿರ ಡೆಲ್‌ನ ಜೊತೆ ಇದ್ದ. ಅವನಿಗೆ ಏನೂ ಕಂಡಿರಲಾರದು. "ಏನಾಯ್ತೋ?" ಎಂದು ಕೂಗಿದ. "ತಪ್ಪೋಯ್ತು. ಪೂರಾ ತಪ್ಪೋಯ್ತು," ಎಂದು ಆರ್ಲಿನ್ ಕೂಗಿ ಹೇಳಿದ. ಆ ವಾಕ್ಯ ಅಷ್ಟು ಸಲೀಸಾಗಿ ಬಂದದ್ದು ಹೇಗೆಂಬುದು ಅವನಿಗೆ ಇಂದಿಗೂ ಆಶ್ಚರ್ಯ. ಹೇಳುವ ಮುಂಚೆ ಯೋಚಿಸಿರಲಿಲ್ಲ. ಹೇಳಿದ ಮೇಲೆ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಇದ್ದ ಸಮಯ, ಅಪ್ಪ ಇಳಿಜಾರು ಹತ್ತಿ ತನ್ನ ಹತ್ತಿರ ಬರುವವರೆಗಿನ ಎರಡು ಮೂರು ನಿಮಿಷ, ಹಾಗೇ ಕಳೆದುಹೋಯಿತು.

"ತಲೆ ಯಾಕೆ ಹಾಗೆ ವಾಲಿಸ್ತೀರ?" ರೊವೀನಾ ಕೇಳಿದಳು. ಆಗಲೇ ಅವನಿಗೆ ಗೊತ್ತಾದದ್ದು, ತಾನು ಬಲಭುಜಕ್ಕೆ ಕೋವಿಯಿಟ್ಟು, ಕತ್ತನ್ನು ಹಿಡಿಯ ಮೇಲಿಂದ ದಾಟಿಸಿ, ಎಡಗಣ್ಣನ್ನು ನಳಿಗೆಯ ಮೇಲಿನ ಸ್ಕೋಪಿನ ಗಾಜಿನ ಕಡೆ ತಳ್ಳುತ್ತಿದ್ದೇನೆಂದು. ಡೆಲ್ ತೊಡೆ ತಟ್ಟಿಕೊಂಡು ನಕ್ಕ. "ಕೋಳಿ ನೀರು ಕುಡಿದ ಹಾಗೆ!" ರೊವೀನಾ ಕೋವಿ ಇಸಿದುಕೊಂಡು, ಎರಡೂ ಅಂಗೈ ಮುಂದೆ ಚಾಚಿ ನಡುವೆ ಸಣ್ಣ ತ್ರಿಕೋನದ ಕಿಂಡಿ ಮಾಡಲು ಹೇಳಿದಳು. ಅದರೊಳಗಿಂದ ಎರಡೂ ಕಣ್ಣು ಬಿಟ್ಟು ಗಡಿಯಾರ ನೋಡಬೇಕು. ನೋಡಿದ. ಎಡಗಣ್ಣು ಮುಚ್ಚಿ ಅಂದಳು. ಮುಚ್ಚಿದ. ಗಡಿಯಾರ ಮಾಯವಾಗಿ, ಕಿಂಡಿಯಲ್ಲಿ ಬರೀ ಮರದ ಗೋಡೆಯಿತ್ತು. ಬಲಗಣ್ಣು ಮುಚ್ಚಿದಾಗ ಗಡಿಯಾರ ಕಿಂಡಿಯ ನಟ್ಟನಡುವೆ ಇತ್ತು. ಹತ್ತು ಗಂಟೆ ಇಪ್ಪತ್ತು ನಿಮಿಷ. ಅವನು ಮತ್ತೆ ಮತ್ತೆ ಮಾಡಿ ನೋಡಿದ, ಮಕ್ಕಳ ಹಾಗೆ.

"ನಿಮ್ಮದು ಎಡಗಣ್ಣಿನ ಯಜಮಾನಿಕೆ," ಅಂದಳು ಅವಳು. "ಕೈ ಬಲ, ಕಣ್ಣು ಎಡ. ತುಂಬ ಜನಕ್ಕೆ ಇರುತ್ತೆ. ಸ್ಕೋಪಿದ್ರೆ ಒಂದು ಕಣ್ಣು ಮುಚ್ಕೊಂಡು ನಿಭಾಯಿಸ್ಬಹುದು. ಆದ್ರೆ ಸ್ಕೋಪಿಲ್ದೆ ಬರೀ ನಳಿಗೆಯ ಮೊನೆ ನೋಡಿ ಎರಡೂ ಕಣ್ಣು ಬಿಟ್ಕೊಂಡು ಹೊಡೆದ್ರೆ, ಗುಂಡು ಎಡಕ್ಕೆ ಹೋಗುತ್ತೆ. ಎಷ್ಟು ಜಾಗ್ರತೆ ಮಾಡಿದ್ರೂ."

ಎಡಕ್ಕೆ. ಚಿಗರೆ ಎಡಕ್ಕೆ ನಡೆಯುತ್ತಿತ್ತು. ಹೆಗಲ ಹಿಂದೆ ಇಟ್ಟ ಗುರಿ ಮುಂಗಾಲಿಗೆ ಬಿದ್ದಿತ್ತು. ಅವನೊಳಗೆ ಏನೋ ಹಗುರವಾಗಲು ಹೊರಟಿತು, ಅವನು ಅದನ್ನು ತಡೆದು ನಿಲ್ಲಿಸಿ ಪರೀಕ್ಷಿಸಿದ. ನಲವತ್ತೊಂಬತ್ತು ವರ್ಷ ತನ್ನ ಕೈ ನಡುಗಿತೆಂದು ತಿಳಿದಿದ್ದ. ಕೈ ನಡುಗಿರಲಿಲ್ಲ. ಕಣ್ಣು ಬೇರೆಯಾಗಿತ್ತು, ಅಷ್ಟೇ, ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಕಣ್ಣಿಗೆ ನಾಲಗೆಯಿಲ್ಲ. ತಪ್ಪೋಯ್ತು ಎಂದು ಕೂಗಿದ್ದು ಎಡಗಣ್ಣೂ ಅಲ್ಲ, ಬಲಗಣ್ಣೂ ಅಲ್ಲ. ಹಗುರವಾಗಲು ಹೊರಟದ್ದು ವಾಪಸ್ಸು ತನ್ನ ಜಾಗದಲ್ಲಿ ಕೂತಿತು. ಕೂತ ರೀತಿಯನ್ನು ಅವನು ಒಂದು ಬಗೆಯ ಆಸಕ್ತಿಯಿಂದಲೇ ಗಮನಿಸಿದ.

ಅಂಗಡಿಯ ಹಿಂದೆಯೇ ರೊವೀನಾಳ ಹೊಲ, ಹೊಲದುದ್ದಕ್ಕೂ ಮಣ್ಣಿನ ದಿಬ್ಬಗಳಿಗೆ ಒರಗಿದಂತೆ ಬಿಳಿ ಬಣ್ಣದ ಉಕ್ಕಿನ ತಟ್ಟೆಗಳು: ಮುನ್ನೂರು ಗಜ, ಐನೂರು, ಎಂಟುನೂರು. ಗಿರಾಕಿಗಳಿಗೆ ಕೊಳ್ಳುವ ಮುಂಚೆ ಹೊಡೆದು ನೋಡಲು ಬಿಡುತ್ತಿದ್ದಳು. ಚಾಪೆ ಹಾಸಿ, ಮೊದಲು ಬಲಗೈಯ ಮುನ್ನೂರೆಂಟನ್ನೇ ಕೊಟ್ಟು, "ಇದನ್ನೂ ಒಂದ್ಸಲ ನೋಡ್ಬಿಡಿ, ಆಮೇಲೆ ಅನುಮಾನ ಇರ್ಬಾರ್ದು," ಅಂದಳು. ತೋಟಾ ತಾನೇ ತುಂಬಿದಳು. ಮೊದಲನೆಯದು ಭುಜಕ್ಕೆ ಗುದ್ದಿತು, ದಿಬ್ಬದಲ್ಲಿ ಎಲ್ಲೋ ಧೂಳೆದ್ದಿತು. ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೆ ಅವನು ಟ್ರಿಗರ್ ಒತ್ತಿದಾಗ ಬರೀ 'ಟಿಕ್' ಎಂದು ಸದ್ದಾಯಿತು, ಆದರೆ ಅವನ ಭುಜ ತಾನಾಗಿ ಮುಂದಕ್ಕೆ ನುಗ್ಗಿತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು, ನಳಿಗೆಯ ತುದಿ ಒಂದು ಗೇಣು ಕೆಳಗಿಳಿಯಿತು. ಇಡೀ ಮೈ ಬರದೇ ಇದ್ದ ಒದೆತಕ್ಕೆ ಹೆದರಿ ಮಾಡಿದ್ದು ಅದು, ಇಬ್ಬರ ಕಣ್ಣೆದುರಿಗೆ. ರೊವೀನಾ ಒಳಗೆ ಇಟ್ಟಿದ್ದು ಮದ್ದಿಲ್ಲದ ಹುಸಿ ತೋಟಾ.

ಡೆಲ್ ನಗುತ್ತಾನೆಂದು ಆರ್ಲಿನ್ ಕಾದ. ಡೆಲ್ ನಗಲಿಲ್ಲ. ಅದು ಇನ್ನೂ ಕೆಟ್ಟದೆನಿಸಿತು.

"ನಾಚ್ಕೋಬೇಡಿ, ನಂಗೂ ಆಗ್ತಿತ್ತು," ಎಂದು ರೊವೀನಾ ಒಳಗೆ ಹೋಗಿ ಇನ್ನೊಂದು ಕೋವಿ ತಂದಳು. ತೋಟಾ ತುಂಬಲು ಎಳೆಯುವ ಬೋಲ್ಟಿನ ಹಿಡಿ ಇದಕ್ಕೆ ಎಡಗಡೆ ಇತ್ತು, ಎಡಗೈಯವರಿಗೆಂದು ಮಾಡಿದ್ದು. ಆರೂವರೆಯದು; ದಪ್ಪ ನಳಿಗೆ, ಹಸಿರು ಹಿಡಿ. ಯಾರೋ ಹೇಳಿ ತರಿಸಿ ಆಮೇಲೆ ಬರದೇ ಹೋದದ್ದಂತೆ, ಎರಡು ವರ್ಷದಿಂದ ಗೋಡೆಯ ಮೇಲಿತ್ತು. ಎಡಭುಜಕ್ಕೆ ಇಟ್ಟುಕೊಂಡಾಗ ಮೈಯೆಲ್ಲ ಅಪರಿಚಿತವಾಯಿತು, ಬೇರೆಯವರ ಮನೆಯ ಹಾಸಿಗೆಯಲ್ಲಿ ಮಲಗಿದ ಹಾಗೆ. ಆದರೆ ಕತ್ತು ನೆಟ್ಟಗಿತ್ತು. ತಟ್ಟೆ ತಾನಾಗಿ ಬಂದು ಸ್ಕೋಪಿನ ಗೆರೆಗಳ ನಡುವೆ ನಿಂತಿತು, ಅದರ ಮೇಲಿನ ಹಳೆಯ ಗುಂಡಿನ ಕಲೆಗಳೂ, ತಟ್ಟೆಯ ಪಾದದಲ್ಲಿ ಅಲುಗುತ್ತಿದ್ದ ಒಣಹುಲ್ಲೂ ಕಂಡವು. ಹುಲ್ಲು ಯಾವ ಕಡೆ ಬಾಗುತ್ತದೋ ನೋಡಿ ಅಂದಳು ರೊವೀನಾ, ಇಲ್ಲಿಯ ಗಾಳಿಯೇ ಬೇರೆ, ಅಲ್ಲಿಯ ಗಾಳಿಯೇ ಬೇರೆ. ಉಸಿರು ಬಿಟ್ಟು ಮುಗಿದ ಜಾಗದಲ್ಲಿ ಅವನು ಒತ್ತಿದ. ಒದೆತ ಇತ್ತು, ಯಾರೋ ಪರಿಚಿತರು ಹೆಗಲು ತಟ್ಟಿದಷ್ಟು. ಏನೂ ಆಗಲಿಲ್ಲ. ಆಮೇಲೆ, ಒಂದು ಉಸಿರಿನಷ್ಟು ತಡವಾಗಿ, ದೂರದಿಂದ ಗಂಟೆಯ ಹಾಗೆ 'ಠಣ್' ಎಂದು ಬಂತು.

ಅವನು ಸ್ಕೋಪಿನಿಂದ ತಲೆಯೆತ್ತಿ ಬರಿಗಣ್ಣಿನಲ್ಲಿ ತಟ್ಟೆಯನ್ನು ನೋಡಿದ. ಮುನ್ನೂರು ಗಜದಾಚೆ ಒಂದು ವಸ್ತುವನ್ನು ಮುಟ್ಟಿದ್ದ, ಅದು ಮುಟ್ಟಿಸಿಕೊಂಡೆನೆಂದು ಉತ್ತರ ಕೊಟ್ಟಿತ್ತು.

"ಸದ್ದು ವಾಪಸ್ ಬರೋಕೆ ಅಷ್ಟು ಹೊತ್ತು ಬೇಕಾ?" ಎಂದು ಕೇಳಿದ.

"ಬೇಕು. ಉಕ್ಕಾದ್ರೆ ಹೀಗೆ ಕೂಗುತ್ತೆ. ಮಣ್ಣಿಗೆ ಬಿದ್ರೆ ಏನೂ ಬರಲ್ಲ. ಮಾಂಸಕ್ಕೆ ಬಿದ್ರೂ ವಾಪಸ್ ಬರುತ್ತೆ, ಒದ್ದೆ ಚೀಲಕ್ಕೆ ಗುದ್ದಿದ ಹಾಗೆ, ಮಂದವಾಗಿ. ಹೊಡೆದವರಿಗೆ ಕೋವಿ ಸದ್ದಲ್ಲಿ ಕೇಳಿಸ್ದೇ ಇರ್ಬಹುದು, ಹಿಂದೆ ನಿಂತವರಿಗೆ ಚೆನ್ನಾಗಿ ಕೇಳುತ್ತೆ. ಬೇಟೆಗಾರರಿಗೆ ಆ ಸದ್ದು ನಿದ್ದೇಲೂ ಗೊತ್ತಾಗುತ್ತೆ." ಅವಳು ಮುಂದಿನ ತೋಟಾ ಎತ್ತಿಕೊಟ್ಟಳು. "ಈಗ ಒಂದು ನಿಯಮ. ಗುಂಡು ಹಾರಿದ ತಕ್ಷಣ, ನಾನು ದುರ್ಬೀನಲ್ಲಿ ನೋಡಿ ಹೇಳೋ ಮುಂಚೆ, ಎಲ್ಲಿ ಬಿತ್ತು ಅಂತ ನೀವೇ ಬಾಯಿಬಿಟ್ಟು ಹೇಳ್ಬೇಕು. ತಪ್ಪಾದ್ರೂ ಪರವಾಗಿಲ್ಲ. ಆದ್ರೆ ನಿಮ್ಮ ಕಣ್ಣು ಕೊನೇ ಕ್ಷಣದಲ್ಲಿ ಏನು ಕಂಡಿತೋ ಅದನ್ನೇ ಹೇಳ್ಬೇಕು."

ಆರ್ಲಿನ್ ಚಾಪೆಯ ಮೇಲೆ ಹಾಗೇ ಬಿದ್ದಿದ್ದ. ಹಿಂದೆ ನಿಂತವರಿಗೆ. ಸೇಜ್ ಎಲೆಯ ಕಹಿ ವಾಸನೆ ಮೂಗಿಗೆ ಬರುತ್ತಿತ್ತು, ಇರುವೆಯೊಂದು ಚಾಪೆಯ ಅಂಚಿನಲ್ಲಿ ಏನನ್ನೋ ಹೊತ್ತುಕೊಂಡು ಹೋಗುತ್ತಿತ್ತು. ಅವನು ಬೋಲ್ಟ್ ತೆರೆದು, ಕೋವಿಯನ್ನು ಪಕ್ಕಕ್ಕಿಟ್ಟು, ಮೊಣಕೈ ಮೇಲೆ ತಿರುಗಿ ಡೆಲ್‌ನನ್ನು ನೋಡಿದ. ಡೆಲ್ ಟೋಪಿಯ ಅಂಚನ್ನು ತಿರುಗಿಸುತ್ತಿದ್ದ.

"ಅವತ್ತು ಅದು ತಪ್ಪಿರ್ಲಿಲ್ಲ ಕಣೋ," ಎಂದ ಆರ್ಲಿನ್. "ಚಿಗರೆ. ಕಾಲಿಗೆ ಬಿದ್ದಿತ್ತು. ನಾನು ಸುಳ್ಳು ಹೇಳ್ದೆ."

ಡೆಲ್‌ಗೆ ಐವತ್ತೆಂಟು ವರ್ಷ; ಆ ಕ್ಷಣ ಅವನ ಮುಖ ಒಂಬತ್ತು ವರ್ಷದವನದಾಗಿತ್ತು. "ಗೊತ್ತು," ಅಂದ.

"ಅಪ್ಪಂಗೆ?"

"ಅಪ್ಪಂಗೆ ಕೇಳಿಸ್ತು. ನಂಗೂ ಕೇಳಿಸ್ತು. ಅದೇನಪ್ಪ ಅಂತ ಕೇಳ್ದೆ, ಸುಮ್ನಿರು ಅಂದ." ಡೆಲ್ ಕೆಮ್ಮಿದ. "ಮಾರನೇ ದಿನ ಭಾನುವಾರ. ನೀನು ಹೊಟ್ಟೆನೋವು ಅಂತ ಮುಸುಕು ಹಾಕ್ಕೊಂಡು ಮಲಗಿದ್ದೆ. ಬೆಳಗಾಗ್ತಿದ್ದ ಹಾಗೆ ನನ್ನ ಎಬ್ಬಿಸ್ಕೊಂಡು ಹೋದ. ರಕ್ತದ ಜಾಡು ಹಿಡ್ಕೊಂಡು ಹೋದ್ವಿ. ಒಣಹಳ್ಳದ ಆಚೆ ದಂಡೇಲಿ ಸಿಕ್ತು. ಜೀವ ಇತ್ತು ಇನ್ನೂ. ಅಪ್ಪ ಮುಗಿಸ್ದ."

"ನಂಗ್ಯಾಕೆ ಹೇಳ್ಲಿಲ್ಲ?"

"ಅವನೇ ಹೇಳ್ಲಿ, ನೀನು ಬಾಯಿ ಬಿಡ್ಬೇಡ ಅಂದ ಅಪ್ಪ. ಆಮೇಲೆ ಮೂವತ್ತೆಂಟು ವರ್ಷ ಬದುಕಿದ್ದ ಮುದುಕ, ಒಂದ್ಸಲಾನೂ ಬಾಯಿ ಬಿಡು ಅನ್ಲಿಲ್ಲ. ನಾನೇನ್ಮಾಡ್ಲಿ? ನಿನ್ನ ಕೆಣಕ್ದೆ. ಪ್ರತಿವರ್ಷ ಕೆಣಕ್ದೆ. ಸಿಟ್ಟು ಬಂದು ಹೇಳ್ಬಿಡ್ತೀಯ ಅಂತ."

ಪ್ರತಿ ಸೆಪ್ಟೆಂಬರ್‌ನಲ್ಲಿ ಅಪ್ಪ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ ಕೋವಿ ಬಿಚ್ಚಿ ಎಣ್ಣೆ ಒರೆಸುತ್ತಿದ್ದ. "ಬರ್ತೀಯೇನೋ ಈ ಸಲ?" ಎನ್ನುತ್ತಿದ್ದ. "ಇಲ್ಲ, ರಸ್ತೆ ಕೆಲಸ ಇದೆ," ಎನ್ನುತ್ತಿದ್ದ ಆರ್ಲಿನ್. ಆಗ ಅಪ್ಪ ಒಂದಷ್ಟು ಹೊತ್ತು ಒರೆಸುವುದನ್ನು ನಿಲ್ಲಿಸಿ ಕೂತಿರುತ್ತಿದ್ದ. ಆ ಮೌನವನ್ನು ಆರ್ಲಿನ್ ತಿರಸ್ಕಾರವೆಂದು ಓದಿಕೊಂಡಿದ್ದ. ಅದರಲ್ಲಿ ತನ್ನ ಅಂಜುಬುರುಕುತನದ ತೀರ್ಪು ಇದೆಯೆಂದು, ಅದಕ್ಕೆ ಪ್ರತಿಯಾಗಿ ತಾನೂ ಅಪ್ಪನ ಮೇಲೆ ಒಂದು ತಣ್ಣನೆಯ ಹಗೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ಆಸ್ಪತ್ರೆಯ ಕೊನೆಯ ವಾರದಲ್ಲಿ ಅಪ್ಪ, ಮೂಗಿನಲ್ಲಿ ನಳಿಕೆ ಇಟ್ಟುಕೊಂಡು, "ಏನಾದ್ರೂ ಹೇಳೋದಿದ್ಯಾ ಮಗಾ?" ಅಂದಾಗ, ದಾರಿಯಲ್ಲಿ ಮಂಜು ಜಾಸ್ತಿ, ಕತ್ತಲಾಗೋದ್ರೊಳಗೆ ಹೊರಡ್ಬೇಕು ಅಂದಿದ್ದ ಆರ್ಲಿನ್. ಅಪ್ಪ ತಲೆಯಾಡಿಸಿದ್ದ. ಆ ತಲೆಯಾಡಿಸುವಿಕೆ ಈಗ ಪೂರ್ತಿ ಬೇರೆ ಥರ ಕಾಣುತ್ತಿತ್ತು, ಅದೇ ಗಡಿಯಾರವನ್ನು ಇನ್ನೊಂದು ಕಣ್ಣಿನಿಂದ ನೋಡಿದಂತೆ. ಅಳು ಬರಬಹುದೆಂದುಕೊಂಡ. ಬರಲಿಲ್ಲ. ಬಂದದ್ದು ಒಂದು ಪ್ರಶ್ನೆ.

"ಎಷ್ಟು ದೂರ ಹೋಗಿತ್ತು ಅದು?"

"ಯಾವ್ದು?"

"ಚಿಗರೆ."

"ನಂಗೇನ್ ಗೊತ್ತು, ಒಂಬತ್ತು ವರ್ಷದವ್ನು. ಕಾಲು ನೋಯೋಷ್ಟು ದೂರ."

"ಜಾಗ ತೋರಿಸ್ತೀಯಾ?"

"ಯಾವಾಗ?"

"ಈಗ."

ಆರ್ಲಿನ್ ಎದ್ದು ಮೊಣಕಾಲಿನ ಧೂಳು ಒರೆಸಿಕೊಂಡ. ರೊವೀನಾ ದುರ್ಬೀನಿನ ಮುಚ್ಚಳ ಹಾಕುತ್ತ, ಕೇಳಿಸಿಕೊಳ್ಳದವಳ ಹಾಗೆ ದಿಬ್ಬದ ಕಡೆ ನೋಡುತ್ತಿದ್ದಳು. "ಈ ಎಡಗೈದನ್ನ ಎತ್ತಿಡು," ಎಂದ ಅವಳಿಗೆ. "ಆರೂವರೆಯದು. ಸೋಮವಾರ ಬರ್ತೀನಿ."

"ಎತ್ತಿಡ್ತೀನಿ. ಬೇರೆ ಯಾರಿಗೆ ಬೇಕು ಅದು?" ಅಂದಳು ಅವಳು.

ಅವರು ಹೋದದ್ದು ಅವನೇ ಹೆರೆದ ರಸ್ತೆಯಲ್ಲಿ. ಆ ದಿಣ್ಣೆಯ ಬುಡದಲ್ಲಿ ಮೂವತ್ತೊಂದು ವರ್ಷ, ವರ್ಷಕ್ಕೆ ಆರು ಸಲದ ಲೆಕ್ಕದಲ್ಲಿ ಗ್ರೇಡರ್ ಓಡಿಸಿದ್ದ, ಒಂದು ಸಲವೂ ತಲೆಯೆತ್ತಿರಲಿಲ್ಲ. ಗಾಡಿ ನಿಲ್ಲಿಸಿ ಇಬ್ಬರೂ ಹತ್ತಿದರು. ಸರ್ಕಾರಿ ಬಯಲು, ವಯೋಮಿಂಗಿನ ಈ ಭಾಗದಲ್ಲಿ ಐವತ್ತು ವರ್ಷದಲ್ಲಿ ಏನೂ ಬದಲಾಗುವುದಿಲ್ಲ, ಬೇಲಿಯ ತಂತಿಯೊಂದನ್ನು ಬಿಟ್ಟು. ಡೆಲ್ ಸೊಂಟ ಹಿಡಿದುಕೊಂಡು ಏದುಸಿರು ಬಿಡುತ್ತ, ಒಣಹಳ್ಳದಾಚೆ ಕೆಂಪು ಮಣ್ಣು ಕುಸಿದಿದ್ದ ದಂಡೆಯನ್ನು ತೋರಿಸಿದ. "ಆ ಒಂಟಿ ಜ್ಯೂನಿಪರ್ ಮರ ಇದ್ಯಲ್ಲ, ಅದರ ಬುಡದಲ್ಲಿ."

ಆರ್ಲಿನ್ ಮೊದಲು ದಿಣ್ಣೆಯಿಂದ ಹಿಂದಕ್ಕೆ, ಚಿಗರೆಗೆ ಗುಂಡು ತಗುಲಿದ ಜಾಗಕ್ಕೆ ಇಳಿದು ಹೋದ. ಅಲ್ಲಿಂದ ತಿರುಗಿ ಎಣಿಸುತ್ತ ನಡೆದ. ಗಜಕ್ಕೊಂದು ಹೆಜ್ಜೆ. ನೂರಕ್ಕೆ ದಿಣ್ಣೆಯ ನೆತ್ತಿ. ಅದಾದ ಮೇಲೆ ಇಳಿಜಾರು, ಸಡಿಲ ಕಲ್ಲು. ಕಾಲೆರಡೂ ಗಟ್ಟಿಯಿದ್ದ ಅವನೇ ಎರಡು ಸಲ ಜಾರಿದ. ಐನೂರಕ್ಕೆ ಸೇಜ್ ಪೊದೆಗಳು ದಟ್ಟವಾದವು, ಪ್ಯಾಂಟಿಗೆ ಗೀರಿದವು. ಇಲ್ಲಿ ಅದು ಸುತ್ತಿಕೊಂಡು ಹೋಗಿತ್ತೋ, ನೆಗೆದಿತ್ತೋ? ಎಂಟುನೂರಕ್ಕೆ ರೊವೀನಾಳ ಕೊನೆಯ ತಟ್ಟೆಯಷ್ಟು ದೂರವಾಯಿತು, ಹಳ್ಳ ಇನ್ನೂ ಬಂದಿರಲಿಲ್ಲ. ಸಾವಿರ. ಹಳ್ಳದ ಕಡಿದಾದ ಬದಿ, ಕೈಯೂರಿ ಇಳಿದ, ಕೈಯೂರಿ ಹತ್ತಿದ. ಎಣಿಕೆ ತಪ್ಪದಂತೆ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಡೆಲ್ ಹಿಂದೆಯೇ ಬರುತ್ತಿದ್ದ. ಮರದ ಬುಡ ತಲುಪಿದಾಗ ಆರ್ಲಿನ್‌ನ ಅಂಗಿ ಬೆನ್ನಿಗೆ ಅಂಟಿತ್ತು. ಅಲ್ಲಿ ಏನೂ ಇರಲಿಲ್ಲ. ಜ್ಯೂನಿಪರಿನ ಒಣ ಕಾಯಿ, ಮೊಲದ ಹಿಕ್ಕೆ, ಗಾಳಿ.

"ಎಷ್ಟಾಯ್ತೋ?" ಡೆಲ್ ಕೇಳಿದ.

"ಸಾವಿರದ ಮುನ್ನೂರ ಹದಿನಾರು."

ಡೆಲ್ ಹಿಂತಿರುಗಿ ಬಂದ ದಾರಿಯನ್ನು ನೋಡಿದ. ಅವನ ತುಟಿ ಅಲುಗಿತು. "ಮೂರು ಕಾಲಲ್ಲಿ," ಅಂದ.

ಆರ್ಲಿನ್ ಮೊಣಕಾಲೂರಿ ಮಣ್ಣಿನ ಮೇಲೆ ಅಂಗೈ ಇಟ್ಟ. ಬಿಸಿಲಿಗೆ ಕಾದಿತ್ತು. ಆಮೇಲೆ ತಲೆಯೆತ್ತದೆ ಕೇಳಿದ: "ಹೇಗೆ ಮಲಗಿತ್ತು ಅದು? ಯಾವ ಕಡೆ ಮುಖ?"

ಡೆಲ್ ಕೈಯೆತ್ತಿ ದಿಣ್ಣೆಯ ಕಡೆ ತೋರಿಸಿದ. "ಈ ಕಡೆಗೆ. ಬಂದ ದಾರೀನೇ ನೋಡ್ತಾ ಇತ್ತು. ಯಾರಾದ್ರೂ ಬರ್ತಾರೇನೋ ಅಂತ."